ಮೈಂಡ್ ಎಂದರೆ ಮನಸ್ಸು

ಕೊಪ್ಪ,
೧೪ ನವೆಂಬರ್ ೨೦೨೪

ಪ್ರಿಯ ಗಜಾನನನಿಗೆ,

ಅಜೀಜನ ಸಲಾಂ. ಗೌರಿಹಬ್ಬದ ಹೊತ್ತಿಗೆ ನೀನು ಬರೆದ ಪತ್ರಕ್ಕೆ ದೀಪಾವಳಿ ಕಳೆದ ಮೇಲೆ ಉತ್ತರ ಬರೆಯುತ್ತಿದ್ದೇನೆ. ಬಯ್ಯುವುದಿದ್ದರೆ ಈಗಲೇ ಬಯ್ದು ಮುಗಿಸಿ ಮುಂದೆ ಓದು. ಫೋನ್ ಮಾಡೋಣವೆಂದರೆ ನಿನ್ನ ಕಿವಿ ಫೋನಿಗೆ ಒಗ್ಗುವುದಿಲ್ಲ. ಹೋದ ಸಲ ನಾನು 'ಸೀತೂರಲ್ಲಿ ಮಳೆ ನಿಂತು ಹೊಳವಾಯ್ತಾ' ಎಂದು ಕೇಳಿದರೆ ನೀನು 'ಅವಳು ತಂಗಿ ಮನೆಗೆ ಹೋಗಿದ್ದಾಳೆ' ಎಂದೆ. ಸುಬ್ಬಮ್ಮನವರು ತಂಗಿ ಮನೆಯಿಂದ ಬಂದರಾ? ಅವರ ಮಂಡಿನೋವು ಹೇಗಿದೆ? ನನ್ನ ಸಕ್ಕರೆ ಒಂದು ತಿಂಗಳು ಇಳಿಯುತ್ತದೆ, ಒಂದು ತಿಂಗಳು ಏರುತ್ತದೆ, ಯಾಕೆಂದು ಅದಕ್ಕೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ವಿಷಯಕ್ಕೆ ಬರುತ್ತೇನೆ. ಒಂದು ಇಂಗ್ಲಿಷ್ ಮಾತಿನ ಅರ್ಥ ನಿನ್ನಿಂದ ತಿಳಿಯಬೇಕಾಗಿದೆ. ಕಾಲೇಜಿನಲ್ಲಿ ಇಂಗ್ಲಿಷಿಗೆ ಪ್ರೈಸ್ ತೆಗೆದುಕೊಂಡವನು ನೀನು. ನಾನು ನಿನ್ನ ಪಕ್ಕ ಕೂತು ಪಾಸಾದವನು. ಆದರೆ ಹಿಂದಿನ ಕಥೆ ಹೇಳದೆ ಬರೀ ಅರ್ಥ ಕೇಳಿದರೆ ನೀನು ನಗುತ್ತೀಯ. ಅದಕ್ಕೇ ಉದ್ದ ಬರೆಯುತ್ತಿದ್ದೇನೆ, ಸಹಿಸಿಕೋ.

ಶಾಕಿರಾ ನನ್ನನ್ನು ಒಂಟಿ ಮಾಡಿ ಹೋಗಿ ಈ ಬಕ್ರೀದಿಗೆ ವರ್ಷ ತುಂಬಿತು. ಆಸ್ಪತ್ರೆಯಲ್ಲಿ ಉಸಿರಾಟದ ಮಶೀನು ಹೊತ್ತಿಗೆ ಸಿಗಲಿಲ್ಲ ಎಂದು ಆವತ್ತು ನಿನಗೆ ಹೇಳಿದ್ದೆನಲ್ಲ. ಇರಲಿ, ಅಲ್ಲಾಹನ ಇಚ್ಛೆ. ಅವಳು ನಮ್ಮ ಅಂಗಡಿಯ ಮಹಡಿಯ ಮೇಲೆ ಮೊದಲು ಟೈಪಿಂಗ್, ಆಮೇಲೆ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದುದು ನಿನಗೆ ಗೊತ್ತು. ಕೆಳಗೆ ಹಾರ್ಡ್‌ವೇರ್ ಸಾಬ್ರು, ಮೇಲೆ ಸಾಫ್ಟ್‌ವೇರ್ ಮೇಡಂ ಎಂದು ಊರವರೆಲ್ಲ ತಮಾಷೆ ಮಾಡುತ್ತಿದ್ದರು. ಅವಳು ಇನ್ನೊಂದು ಕೆಲಸವನ್ನೂ ಮಾಡುತ್ತಿದ್ದಳು. ಅದು ನನಗೇ ಸರಿಯಾಗಿ ಗೊತ್ತಿರಲಿಲ್ಲ. 'ಮಂಗಟ್ಟೆ ಲಿನಕ್ಸ್' ಎಂದು ಒಂದಿದೆ. ನಮ್ಮ ಕಾಡಿನ ಮಂಗಟ್ಟೆ ಹಕ್ಕಿಯದೇ ಹೆಸರು, ಇಟ್ಟವಳೂ ಇವಳೇ ಅಂತೆ. ಕಂಪ್ಯೂಟರ್ ಎಬ್ಬಿಸಿ ನಡೆಸಲು ಏನೇನು ಬೇಕೋ ಅದನ್ನೆಲ್ಲ ಒಟ್ಟುಮಾಡಿ, ಹಳೆ ಮಶೀನಿರುವ ಶಾಲೆಗಳಿಗೆ ಪುಕ್ಕಟೆ ಹಂಚುವುದು. ಮನೆ ಕಟ್ಟುವವನಿಗೆ ಬಾಗಿಲು, ಚಿಲಕ, ತಿರುಪು, ಬಣ್ಣ ಎಲ್ಲವನ್ನೂ ಒಂದೇ ಗಾಡಿಯಲ್ಲಿ ಹೇರಿ ಕಳಿಸಿದ ಹಾಗೆ ಎಂದು ನಾನು ಅರ್ಥಮಾಡಿಕೊಂಡಿದ್ದೇನೆ. ಮಾಡುವವರು ಯಾವ್ಯಾವುದೋ ದೇಶದಲ್ಲಿದ್ದಾರೆ. ಯಾರಿಗೂ ಸಂಬಳವಿಲ್ಲ. ಅದರ ಕನ್ನಡದ ಭಾಗವನ್ನು ನೋಡಿಕೊಳ್ಳುತ್ತಿದ್ದವಳು ಶಾಕಿರಾ.

ಅವಳು ಹೋದ ಮೇಲೂ ಅವಳ ಕಂಪ್ಯೂಟರಿಗೆ ಪತ್ರಗಳು ಬರುತ್ತಲೇ ಇದ್ದವು. ಒಂದು ದಿನ ಕನ್ನಡಕ ಹಾಕಿಕೊಂಡು ಓದಿದೆ. ಟೋಮಾಸ್ ಎಂಬವನು ಬರೆದಿದ್ದ, ಇಡೀ ಮಂಗಟ್ಟೆಗೆ ಅವನೇ ಮೇಸ್ತ್ರಿ ಇದ್ದ ಹಾಗೆ. ಶಾಕಿರಾ ಉತ್ತರ ಕೊಡದೆ ಬಹಳ ದಿನವಾಗಿರುವುದರಿಂದ ಅವಳ ಕೆಲಸ ಈಗ 'ಆರ್ಫನ್' ಆಗಿದೆ ಎಂದು ಅದರಲ್ಲಿತ್ತು. ಆರ್ಫನ್ ಎಂದರೆ ಅನಾಥ. ಇದಂತೂ ನನಗೆ ಗೊತ್ತು. ನೋಡಿಕೊಳ್ಳುವವರು ಇಲ್ಲದ ಕೆಲಸಕ್ಕೆ ಅವರಲ್ಲಿ ಹಾಗೆ ಹೇಳುವ ರೂಢಿಯಂತೆ. ಆವತ್ತು ಅದು ತಿಳಿಯದೆ ಬಹಳ ಸಿಟ್ಟು ಬಂತು. ಆಮೇಲೆ ಯೋಚಿಸಿದೆ. ಮಕ್ಕಳಿಲ್ಲದ ನಮ್ಮ ಮನೆಗೆ ಅನಾಥ ಮಗುವೊಂದು ಹೀಗೂ ಬರುತ್ತದಾ? ಅವಳು ಇಲ್ಲ, ನಾನು ಅವಳ ಗಂಡ, ನಾನು ನೋಡಿಕೊಳ್ಳುತ್ತೇನೆ ಎಂದು ಒಂದೊಂದೇ ಅಕ್ಷರ ಕುಟ್ಟಿ ಬರೆದೆ. ಟೋಮಾಸ್ ಬಹಳ ದುಃಖದಿಂದ ಬರೆದು, ಕೊನೆಯಲ್ಲಿ ಪರೀಕ್ಷೆ ಮಾಡಲು ನನ್ನ ಹತ್ತಿರ ಯಾವ ಹಾರ್ಡ್‌ವೇರ್ ಇದೆ ಎಂದು ಕೇಳಿದ. ಧಾರಾಳ ಇದೆ ಎಂದು ಕೀಲು, ಬೋಲ್ಟು, ಕೊಳಾಯಿ, ಚಿಲಕ ಎಲ್ಲ ಬರೆದು ಕಳಿಸಿದೆ. ಅದನ್ನು ಅವರೆಲ್ಲ ಓದಿ ನಕ್ಕಿದ್ದು ನನಗೆ ಗೊತ್ತಾದದ್ದು ಎಷ್ಟೋ ದಿನದ ಮೇಲೆ.

ಕನ್ನಡಕ್ಕೆ ಕೆಲಸ ಮಾಡುವವರು ಇಬ್ಬರು. ನರಸಿಂಹರಾಜಪುರದ ಅರ್ಶಿಯಾ ಶಾಕಿರಾಳ ಹಳೆ ವಿದ್ಯಾರ್ಥಿನಿ, ಈಗ ಟೀಚರು. ಶೃಂಗೇರಿಯ ಪ್ರಶಾಂತ ಬಸ್‌ಸ್ಟ್ಯಾಂಡಿನ ಹತ್ತಿರ ಲಗ್ನಪತ್ರಿಕೆ ಕಂಪೋಸ್ ಮಾಡುವವನು. ನನಗೆ ಸಿಕ್ಕ ಹುದ್ದೆ ಕೋಆರ್ಡಿನೇಟರ್. ಸಂಬಳವಿಲ್ಲದವರ ಹತ್ತಿರ ಕೆಲಸ ಮಾಡಿಸುವುದು ಹೇಗೆ, ನೀನೇ ಹೇಳು. ಅಂಗಡಿಯ ಹುಡುಗರಾದರೆ ಗದರಿಸಬಹುದು. ನಾನು ದಿನಾ ಬೆಳಿಗ್ಗೆ ನಮಾಜ್ ಮುಗಿಸಿ ಪ್ರಶಾಂತನಿಗೆ ಫೋನ್ ಮಾಡಿ 'ಎಲ್ಲಿಗೆ ಬಂತು' ಎಂದು ಕೇಳುತ್ತಿದ್ದೆ. ಒಂದು ದಿನ ಅವನು, "ಎಂತ ಅಜೀಜಣ್ಣ, ನಮ್ಮನೇಲಿ ಹಾಲು ಕರೆಯೋಕೆ ಮುಂಚೆ ನಿಮ್ಮ ಫೋನು ಬರ್ತದೆ. ದನನೂ ಬೆಚ್ಚಿ ಬೀಳ್ತದೆ ಮಾರಾಯ್ರೆ!" ಎಂದ. ಅರ್ಶಿಯಾ ತಿಳಿಸಿ ಹೇಳಿದಳು: "ಚಾಚಾ, ಇವ್ರು ಆಳುಗಳಲ್ಲ. ಮುಯ್ಯಾಳು ಇದ್ದ ಹಾಗೆ. ಇವತ್ತು ನಿಮ್ಮ ಗದ್ದೆ, ನಾಳೆ ಅವ್ರ ಗದ್ದೆ. ಮುಯ್ಯಾಳಿಗೆ ಯಾರಾದ್ರೂ ಜೋರು ಮಾಡ್ತಾರಾ? ಕಾಫಿ ಕೊಡ್ತಾರೆ." ಅದು ನನಗೆ ಹಿಡಿಸಿತು. ಅಲ್ಲಿಂದ ಮೇಲೆ ತಿಂಗಳಿಗೊಂದು ಸಲ ಬಸ್ಸು ಹತ್ತಿ ಒಮ್ಮೆ ಶೃಂಗೇರಿಗೆ, ಒಮ್ಮೆ ನರಸಿಂಹರಾಜಪುರಕ್ಕೆ ಹೋಗಿ ಅವರಿಗೆ ಕಾಫಿ ಕುಡಿಸಿ ಬರುತ್ತಿದ್ದೆ. ಕೆಲಸ ಓಡತೊಡಗಿತು.

ಜಗಳ ಬಂದದ್ದು ಒಂದು ಬಟನ್ನಿನಿಂದ. ಕೆಲಸ ಮುಗಿದ ಮೇಲೆ ಕಂಪ್ಯೂಟರಿನಿಂದ ಹೊರಗೆ ಬರಲು ಒತ್ತುವ ಬಟನ್ನು. ಮೊದಲು ಅದರ ಮೇಲೆ 'ನಿರ್ಗಮಿಸಿ' ಎಂದಿತ್ತಂತೆ. ಅಂಗನವಾಡಿಯ ಗಿರಿಯಮ್ಮ ಶಾಕಿರಾಳ ಹತ್ತಿರ ಕಲಿಯಲು ಬರುತ್ತಿದ್ದರು. ಅವರು ಒಂದು ದಿನ ಅಳುಮೋರೆ ಮಾಡಿಕೊಂಡು, "ಎಂತ ಮೇಡಂ, ಎದ್ದು ಆಚೆ ಹೋಗು ಅಂತ ಹೇಳ್ತದಲ್ಲ ಇದು. ನಾ ಏನು ತಪ್ಪು ಮಾಡ್ದೆ?" ಎಂದರಂತೆ. ಶಾಕಿರಾ ಅವತ್ತೇ ಅದನ್ನು ಅಳಿಸಿ 'ಹೋಗಿ ಬನ್ನಿ' ಎಂದು ಬರೆದಳು. ನಮ್ಮಲ್ಲಿ ಯಾರು ಯಾರಿಗೆ ಬರೀ 'ಹೋಗಿ' ಅನ್ನುತ್ತಾರೆ? ಈಗ ಪ್ರಶಾಂತ ಮೊದಲಿನ 'ನಿರ್ಗಮಿಸಿ'ಯೇ ಇರಲಿ ಎಂದು ಕೂತ. "ಅಜೀಜಣ್ಣ, ಹೋಗಿ ಬನ್ನಿ ಅನ್ನೋದು ಹೊಸಿಲಲ್ಲಿ ಹೇಳೋ ಮಾತು. ಕಂಪ್ಯೂಟರ್ ಮುಂದೆ ಕೂತೋರು ಎಂತ ನೆಂಟ್ರಾ?" ಎಂದ. ಅರ್ಶಿಯಾ ಬಿಡಲಿಲ್ಲ. "ದಿನಾ ಬರೋರು ನೆಂಟ್ರಲ್ಲ ಪ್ರಶಾಂತಣ್ಣ, ಮನೆಯೋರು. ಮೇಡಂ ಬರೆದಿದ್ದು ತೆಗೆದ್ರೆ ನಾನು ಈ ಕೆಲಸಕ್ಕೇ ಬರಲ್ಲ" ಎಂದುಬಿಟ್ಟಳು.

ಇಬ್ಬರೂ ಟೋಮಾಸನಿಗೆ ದೂರು ಬರೆದರು. ಪಾಪ, ಅವನಿಗೆ ಕನ್ನಡ ಬರುವುದಿಲ್ಲ. ಅವನು ನನಗೆ ಬರೆದ: ಶಾಕಿರಾ ಬರೆದ ಮಾತನ್ನು ಬದಲಿಸಿದರೆ 'ವುಡ್ ಯು ಮೈಂಡ್?' ನೀವು ಏನು ಹೇಳುತ್ತೀರೋ ಹಾಗೆ ಮಾಡುತ್ತೇವೆ.

ಗಜಾನನ, ಮೈಂಡ್ ಎಂದರೆ ಮನಸ್ಸು. ಸೋಮಶೇಖರಪ್ಪ ಮೇಷ್ಟ್ರು ಬೋರ್ಡಿನ ಮೇಲೆ ಬರೆದು ನಮ್ಮಿಂದ ಒಟ್ಟಿಗೆ ಹೇಳಿಸಿದ್ದರು, ಬಾಡಿ ಎಂದರೆ ದೇಹ, ಮೈಂಡ್ ಎಂದರೆ ಮನಸ್ಸು. ಬದಲಿಸಲು ನಿಮಗೆ ಮನಸ್ಸಿದೆಯೋ ಎಂದು ಅವನು ಕೇಳಿದ. ನನಗೆ ಎಲ್ಲಿಂದ ಮನಸ್ಸು ಬರಬೇಕು? 'ನೋ. ಐ ಡು ನಾಟ್ ಮೈಂಡ್. ಮೈ ಲೇಟ್ ವೈಫ್ ಆಲ್ಸೋ ವುಡ್ ನಾಟ್ ಮೈಂಡ್' ಎಂದು ಖಡಾಖಂಡಿತವಾಗಿ ಬರೆದೆ. ನನಗೂ ಮನಸ್ಸಿಲ್ಲ, ಅವಳಿದ್ದರೆ ಅವಳಿಗೂ ಇರುತ್ತಿರಲಿಲ್ಲ. ಅಷ್ಟು ಸ್ಪಷ್ಟವಾಗಿ ನಾನು ಆಯುಷ್ಯದಲ್ಲಿ ಇಂಗ್ಲಿಷ್ ಬರೆದಿರಲಿಲ್ಲ. ಟೋಮಾಸ್ ಕೂಡಲೇ ಉತ್ತರ ಕೊಟ್ಟ, ನಿಮ್ಮದು ದೊಡ್ಡ ಮನಸ್ಸು, ಬಹಳ ಉಪಕಾರವಾಯಿತು ಎಂದು. ನಾನು ಗೆದ್ದೆನೆಂದು ಅರ್ಶಿಯಾಗೆ ಫೋನ್ ಮಾಡಿ, "ಮೇಡಂ ಮಾತು ಉಳೀತು ಬೇಟಿ" ಎಂದೆ. ಅಂಗಡಿ ಹುಡುಗರಿಗೆಲ್ಲ ಜಿಲೇಬಿ ತರಿಸಿಕೊಟ್ಟೆ.

ಹೋದ ವಾರ ಹೊಸ ಮಂಗಟ್ಟೆ ಬಿಡುಗಡೆಯಾಯಿತು. ಕಡಹಿನಬೈಲಿನ ಕಡೆಯ ಒಂದು ಶಾಲೆಯಲ್ಲಿ ಅರ್ಶಿಯಾ ಅದನ್ನು ಹಾಕುವಾಗ ನಾನೂ ಹೋಗಿದ್ದೆ. ಮಕ್ಕಳೆಲ್ಲ ಸುತ್ತ ನಿಂತಿದ್ದರು. ಕೊನೆಯ ಬಟನ್ನು ಚಾಚಾ ಒತ್ತಲಿ ಎಂದಳು. ನೋಡುತ್ತೇನೆ, 'ನಿರ್ಗಮಿಸಿ'. ಇನ್ನೊಂದು ಮಶೀನು ನೋಡಿದೆ, ಅದರಲ್ಲೂ ಅದೇ. ಅರ್ಶಿಯಾ ನನ್ನ ಮುಖ ನೋಡಿದಳು.

ಅಲ್ಲಿಂದಲೇ ಪ್ರಶಾಂತನಿಗೆ ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಬಯ್ದೆ. ನನ್ನ ಬೆನ್ನ ಹಿಂದೆ ಕೆಲಸ ಮಾಡಿದ್ದೀಯ ಎಂದೆ. ಅವನು ಸುಮ್ಮನೆ ಕೇಳಿಸಿಕೊಂಡು, "ಎಂತ ಅಜೀಜಣ್ಣ, ನೀವೇ ಒಪ್ಪಿದ್ದಲ್ವಾ? ಐ ಡು ನಾಟ್ ಮೈಂಡ್ ಅಂತ ಬರೆದಿದ್ರಲ್ಲ" ಎಂದ.

"ಹೌದು ಮತ್ತೆ! ನನಗೆ ಮನಸ್ಸಿಲ್ಲ ಅಂತ ಬರೆದೆ."

ಅವನು ಮೆತ್ತಗೆ, "ಅಯ್ಯೋ ಅಜೀಜಣ್ಣ, ಹಾಗಂದ್ರೆ ನನ್ನದೇನೂ ಅಡ್ಡಿಯಿಲ್ಲ, ಮಾಡಿ ಅಂತ ಅರ್ಥ" ಎಂದ.

ಇದು ಹೇಗೆ ಸಾಧ್ಯ ಎಂದು ನನಗೆ ತಿಳಿಯುತ್ತಿಲ್ಲ. ಇಲ್ಲ ಅಂದರೆ ಹೂಂ ಎಂದು ಅರ್ಥವೇ? ಅರ್ಶಿಯಾಳನ್ನು ಕೇಳಿದೆ. ಮೊದಲು ನಕ್ಕಳು, ಆಮೇಲೆ ದುಪಟ್ಟದಲ್ಲಿ ಮೂಗು ಒರೆಸಿಕೊಂಡು, "ಬಿಡಿ ಚಾಚಾ, ಆಗೋದು ಆಯ್ತು" ಎಂದಳು. ಅದು ಉತ್ತರವಲ್ಲ. ಅವಳಿಂದಲೇ ಟೋಮಾಸನಿಗೆ ಬರೆಸಿದ್ದಕ್ಕೆ ಅವನು ನೂರು ಸಲ ಕ್ಷಮೆ ಕೇಳಿದ್ದಾನೆ. ಬಿಡುಗಡೆಯಾದ ಮೇಲೆ ಯಾವ ಮಾತನ್ನೂ ಮುಟ್ಟುವ ಹಾಗಿಲ್ಲವಂತೆ, ಸಿಮೆಂಟು ಕಚ್ಚಿಕೊಂಡ ಮೇಲೆ ಕರಣೆ ಆಡಿಸಿದರೆ ಏನು ಬಂತು. ಆದರೆ ಇದೇನೂ ದೊಡ್ಡ ವಿಷಯವಲ್ಲ, ಮುಂದಿನ ಆವೃತ್ತಿಯಲ್ಲಿ ಸರಿಮಾಡೋಣ ಎಂದಿದ್ದಾನೆ. ಮೊನ್ನೆ ಪ್ರಶಾಂತ ಕೊಪ್ಪಕ್ಕೇ ಬಂದಿದ್ದ. "ಮೇಡಂ ಮಾತನ್ನ ನಾನೇ ನನ್ನ ಕೈಯಾರೆ ವಾಪಸ್ ಹಾಕ್ತೇನೆ. ನೀವು ಬೆಳಿಗ್ಗೆ ಫೋನ್ ಮಾಡೋದು ಮಾತ್ರ ನಿಲ್ಲಿಸ್ಬೇಡಿ ಮಾರಾಯ್ರೆ, ದನ ನಿಮ್ಮನ್ನ ಕಾಯ್ತದೆ" ಎಂದ. ಅವನು ಒಳ್ಳೆಯವನು. ಅರ್ಶಿಯಾ ಕೂಡ ಕೆಲಸ ಬಿಡಲಿಲ್ಲ. ಹೀಗೆ ಎಲ್ಲರೂ ರಾಜಿಯಾಗಿದ್ದಾರೆ. ನನ್ನ ತಲೆ ಮಾತ್ರ ಅಲ್ಲೇ ನಿಂತಿದೆ. ನಿನ್ನಂಥ ಒಬ್ಬ ಓದಿದವನು ಹೇಳದೆ ನಾನು ನಂಬುವುದಿಲ್ಲ.

ಸುಬ್ಬಮ್ಮನವರಿಗೆ ನನ್ನ ನಮಸ್ಕಾರ ಹೇಳು. ನೀವಿಬ್ಬರೂ ಒಬ್ಬರಿಗೊಬ್ಬರು ಗದರಿಕೊಂಡು ನೂರು ವರ್ಷ ಬಾಳಿ ಎಂದು ನನ್ನ ದುವಾ. ಕಿವಿಗೆ ಮಶೀನು ಹಾಕಿಸಿಕೋ, ಹಟ ಮಾಡಬೇಡ.

ನಿನ್ನ ಹಳೆಯ ಬೆಂಚಿನ ಜೊತೆಗಾರ,
ಅಬ್ದುಲ್ ಅಜೀಜ್

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಆವತ್ತು ಆಸ್ಪತ್ರೆಯಲ್ಲಿ ಶಾಕಿರಾಳನ್ನು ನೋಡಿದವನು ಉತ್ತರದ ಕಡೆಯ ಚಿಕ್ಕ ಪ್ರಾಯದ ಡಾಕ್ಟರು, ಕನ್ನಡ ಬಾರದವನು. ನಾನೂ ಕಾಲೇಜು ಓದಿದವನೆಂದು ಇಂಗ್ಲಿಷಿನಲ್ಲೇ ಮಾತಾಡಿದೆ. ಅವಳಿಗೆ ಬಹಳ ಆಯಾಸವಾಗಿದೆ, ಉಸಿರಾಟದ ಮಶೀನಿಗೆ ಹಾಕದೆ ಬಿಟ್ಟರೆ 'ವುಡ್ ಯು ಮೈಂಡ್?' ಎಂದು ಕೇಳಿದ. ಹಾಗೆ ಬಿಡಲು ನನಗೆಲ್ಲಿ ಮನಸ್ಸು? 'ನೋ ಡಾಕ್ಟರ್, ಐ ಡು ನಾಟ್ ಮೈಂಡ್' ಎಂದೆ, ಗಟ್ಟಿಯಾಗಿಯೇ ಎಂದೆ. ಅವನು ನನ್ನ ಭುಜದ ಮೇಲೆ ಕೈಯಿಟ್ಟು ನಿಮ್ಮದು ದೊಡ್ಡ ಧೈರ್ಯ ಎಂದ. ನಾನು ಹೊರಗೆ ಬೆಂಚಿನ ಮೇಲೆ ಮಶೀನು ಬರುವುದನ್ನು ಕಾಯುತ್ತ ಕೂತೆ.

ಬಟನ್ನಿನ ವಿಷಯದಲ್ಲಿ ಪ್ರಶಾಂತ ಹೇಳಿದ ಅರ್ಥವೇ ಸರಿ ಇರಲಿ, ಒಪ್ಪುತ್ತೇನೆ. ಆದರೆ ಇಂಗ್ಲಿಷಿನಲ್ಲಿ ಒಂದೇ ಮಾತಿಗೆ ಎರಡು ಅರ್ಥ ಇರುತ್ತದೆ ಎಂದು ಮೇಷ್ಟ್ರು ಹೇಳುತ್ತಿದ್ದರಲ್ಲ. ಆಸ್ಪತ್ರೆಯಲ್ಲಿ ಆಡಿದರೆ ಅದಕ್ಕೆ ಬೇರೆ ಅರ್ಥವಿದ್ದರೆ ಒಂದು ಕಾರ್ಡು ಬರೆ. ಇಲ್ಲದಿದ್ದರೆ ಏನೂ ಬರೆಯಬೇಡ. ಬಸ್ಸು ಹತ್ತಿ ಬಂದು ಒಂದಿಷ್ಟು ಹೊತ್ತು ಅಂಗಡಿಯಲ್ಲಿ ನನ್ನ ಪಕ್ಕ ಕೂತಿರು. ನೀನು ಬಂದರೆ ನನಗೆ ಗೊತ್ತಾಗುತ್ತದೆ.