ಬಿಯರ್ ದಿನದ ಸನ್ಮಾನ, ಅದರ ಹಿಂದೆ ಬಂದ ಲಾರಿ

ರಾಷ್ಟ್ರೀಯ ಬಿಯರ್ ದಿನಾಚರಣೆಯ ಜಿಲ್ಲಾ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ,

ಈ ವರ್ಷದ ಬಿಯರ್ ದಿನದಂದು ನನ್ನ ಹೆಂಡತಿ ಅಮುಗೆಯನ್ನು ವೇದಿಕೆಗೆ ಕರೆದು ಸನ್ಮಾನಿಸುವುದಾಗಿ ಹೇಳಿ ಕಳುಹಿಸಿದ್ದೀರಿ. ಅವಳು ಬರುವುದಿಲ್ಲ. ಕಾರಣ ಕೇಳುವ ಸೌಜನ್ಯ ತಮಗಿದೆಯೋ ಇಲ್ಲವೋ ಅರಿಯೆ; ಕೇಳದಿದ್ದರೂ ಹೇಳುತ್ತೇನೆ. ಹೋದ ವರ್ಷ ತಾವು ನಮ್ಮನ್ನು ಹೊಗಳಿದ ಮರುವಾರವೇ ನಮ್ಮ ಮನೆಯ ಹರವಿ ಒಡೆಯಿತು. ಎರಡಕ್ಕೂ ಸಂಬಂಧವಿದೆಯೆಂಬುದು ನನ್ನ ಗುಮಾನಿ.

ನಾನು ನ್ಯಾಯಾಲಯದಲ್ಲಿ ದುಭಾಷಿಯಾಗಿದ್ದವನು. ನ್ಯಾಯಾಧೀಶರು ಇಂಗ್ಲಿಷಿನಲ್ಲಿ ಆಡಿದ್ದನ್ನು ನಮ್ಮ ಟೆಸೊ ನುಡಿಯಲ್ಲಿ ಆರೋಪಿಗೆ ತಿಳಿಸುವುದೇ ನನ್ನ ಉದ್ಯೋಗ. ದೊಡ್ಡವರ ದನಿ ಇದ್ದಕ್ಕಿದ್ದಂತೆ ಮೆತ್ತಗಾದರೆ ಎದುರಿಗಿದ್ದವನ ಗತಿ ಏನೆಂದು ನನಗೆ ಗೊತ್ತು. ಹೋದ ವರ್ಷ ಮೈದಾನದಲ್ಲಿ ತಮ್ಮ ದನಿ ಬಹಳ ಮೆತ್ತಗಿತ್ತು. ಮುಂದಿನ ಸಾಲಿನ ತುಂಬ ಕಾರ್ಖಾನೆಯ ಬಾಟಲಿಗಳ ಡೇರೆಗಳು. ರಾಗಿ ಬಿಯರಿನ ಹರವಿ ಹೊತ್ತು ತಂದ ಹೆಂಗಸರಿಗೆ ಶೌಚಾಲಯದ ಪಕ್ಕದಲ್ಲಿ ಜಾಗ. ಆದರೂ ಮೈಕು ಹಿಡಿದು, "ಈ ತಾಯಂದ್ರೇ ನಮ್ಮ ನಾಡಿನ ಹೆಮ್ಮೆ! ಯಾರ್ಯಾರು ಮನೇಲೇ ಬಿಯರ್ ಮಾಡ್ತೀರಿ, ಕೈ ಎತ್ತಿ ನೋಡೋಣ," ಎಂದಿರಿ. ರಾಜಧಾನಿ ಕಂಪಾಲಾದಿಂದ ಬಂದಿದ್ದ ಅತಿಥಿಗಳು ಚಪ್ಪಾಳೆ ತಟ್ಟಿದರು. ಅಮುಗೆ ಎರಡೂ ಕೈ ಎತ್ತಿದಳು.

ಆಮೇಲೆ ತಮ್ಮ ಸಹಾಯಕರು ಕೈ ಎತ್ತಿದವರ ಬಳಿ ಮಾತ್ರ ಬಂದರು. "ಮನೆ ಎಲ್ಲಮ್ಮ? ಬಹುಮಾನ ಮನೆಗೇ ತಂದುಕೊಡ್ತೀವಿ."

"ಚರ್ಚಿನ ಹಿಂದೆ ಬನ್ನಿ, ದೊಡ್ಡ ಮಾವಿನಮರ ದಾಟಿದ್ರೆ ನೀಲಿ ಬಾಗ್ಲು," ಎಂದಳು ಅವಳು. "ಹಸ್ಕೊಂಡು ಬನ್ನಿ ಮತ್ತೆ, ಊಟ ಮಾಡ್ದೆ ಕಳ್ಸಲ್ಲ."

ಬಂದದ್ದು ಪೊಲೀಸ್ ಲಾರಿ. ನೇರ ನೀಲಿ ಬಾಗಿಲಿಗೇ ಬಂತು.

ಅಂದು ನಮ್ಮ ಮೊಮ್ಮಗಳಿಗೆ ಹೆಸರಿಡುವ ದಿನ. ಅಜ್ಜಿ ತಾನೇ ಮಾಡಿದ ಬಿಯರಿನಲ್ಲಿ ಬೆರಳದ್ದಿ, ಹಿರಿಯರ ಹೆಸರನ್ನು ಒಂದೊಂದಾಗಿ ಕರೆಯುತ್ತ ಕೂಸಿನ ಬಾಯಿಗಿಡಬೇಕು. ಯಾವ ಹೆಸರಿಗೆ ಕೂಸು ಬೆರಳು ಚೀಪುತ್ತದೋ ಅದೇ ಅದರ ಹೆಸರು. ಅದಕ್ಕೆಂದೇ ಅಮುಗೆ ರಾಗಿ ಮೊಳಕೆ ಕಟ್ಟಿ, ಹಿಟ್ಟು ಹುದುಗಿಸಿ, ಹುರಿದು, ಒಣಗಿಸಿ ಇಟ್ಟು, ಅಂದು ಹರವಿಗೆ ಹಾಕಿ ಬಿಸಿನೀರು ಸುರಿದಿದ್ದಳು. ಬಂಧುಗಳು ಬಿಯರು ಹೀರಲು ಉದ್ದನೆಯ ಕೊಳವೆಗಳನ್ನು ಹಿಡಿದು ಹರವಿಯ ಸುತ್ತ ಕೂತಾಗಿತ್ತು.

"ಪರವಾನಗಿ ಇಲ್ದೆ ಮದ್ಯ ತಯಾರಿಸ್ತಿದೀರಿ," ಎಂದ ಮುಂದಿದ್ದ ಅಧಿಕಾರಿ.

"ಯಾರ ಆದೇಶ? ತೋರಿಸಿ," ಎಂದೆ.

"ಪಕ್ಕಕ್ಕೆ ಸರಿಯಯ್ಯಾ ಮುದುಕ," ಎಂದು ಬೂಟುಗಾಲಿನಲ್ಲಿ ಹರವಿಯನ್ನು ಒದ್ದು ಒಡೆದ. ಬಿಸಿಬಿಸಿ ಬಿಯರು ಅಂಗಳವೆಲ್ಲ ಹರಿಯಿತು. ಕೂಸನ್ನು ಮಡಿಲಲ್ಲಿಟ್ಟುಕೊಂಡಿದ್ದ ನಮ್ಮ ಸೊಸೆ ಅಮೋಡಿಂಗ್ ಕಿರುಚಿಕೊಂಡು ಗೋಡೆಗೆ ಒತ್ತಿ ನಿಂತಳು. ಅಮುಗೆ ಬಗ್ಗಿ ಹರವಿಯ ಒಂದು ಚೂರನ್ನು ಎತ್ತಿಕೊಂಡಳು. ಅದರ ತಗ್ಗಿನಲ್ಲಿ ಒಂದಿಷ್ಟು ಬಿಯರು ನಿಂತಿತ್ತು.

"ಇಲ್ಲಿ ಕೊಡೇ ಕೂಸ್ನ," ಎಂದಳು.

"ಅತ್ತೇ, ಈಗ್ಲಾ?"

"ಇನ್ಯಾವಾಗ? ಇವ್ರು ಇದನ್ನೂ ಚೆಲ್ಲಿದ್ಮೇಲಾ?"

ಪೇದೆಯೊಬ್ಬ, ನಮ್ಮ ಸೀಮೆಯ ಹುಡುಗನೇ, ತಗ್ಗಿದ ದನಿಯಲ್ಲಿ, "ಬೇಗ ಮುಗಿಸ್ಬಿಡಿ ಅಜ್ಜಿ, ಸಾಹೇಬ್ರು ನೋಡ್ತಿದಾರೆ," ಎಂದ.

"ನೋಡ್ಲಿ ಬಿಡಪ್ಪ. ನಿನ್ಗೂ ನಿಮ್ಮಜ್ಜಿ ಹಿಂಗೇ ಹೆಸ್ರಿಟ್ಟಿದ್ದು."

ಅಮುಗೆ ಚೂರಿನಲ್ಲಿದ್ದ ಬಿಯರಿಗೆ ಬೆರಳದ್ದಿ ನನ್ನ ತಾಯಿಯ ಹೆಸರು ಕರೆದಳು. ಕೂಸು ಮುಖ ತಿರುಗಿಸಿತು. ನನ್ನ ಅತ್ತೆಯ ಹೆಸರಿಗೆ ಉಗುಳಿತು. "ಅಸೆಕೆನ್ಯೆ," ಎಂದು ತೀರಿಹೋದ ತನ್ನ ತಂಗಿಯನ್ನು ಕರೆದಾಗ ಬೆರಳನ್ನು ಗಟ್ಟಿಯಾಗಿ ಚೀಪಿತು. ಲಾರಿಯ ಮುಂದೆಯೇ ಹೆಂಗಸರು ಉಲ್ಲಾಸದಿಂದ ಕೂಗು ಹಾಕಿದರು.

ಈಗ ಹೇಳಿ ಮಾನ್ಯರೇ. ಬೇಲಿಯಾಚೆಯ ಅಗುಟಿ ನಮಗಿಂತ ಹೆಚ್ಚು ಬಿಯರು ಮಾಡುತ್ತಾಳೆ. ಹಲ್ಲುನೋವೆಂದು ಅವಳು ಮೈದಾನಕ್ಕೆ ಬಂದಿರಲಿಲ್ಲ. ಅವಳ ಮನೆಯತ್ತ ಲಾರಿ ಮೂತಿಯನ್ನೂ ತಿರುಗಿಸಲಿಲ್ಲವೇಕೆ? ಕೈ ಎತ್ತಿದವರ ಅಂಗಳದಲ್ಲೆಲ್ಲ ಚೂರುಗಳೇ ಬಿದ್ದದ್ದು ಆಕಸ್ಮಿಕವೇ? ನಮ್ಮ ಹರವಿ ಒಡೆದರೆ ಯಾರ ಬಾಟಲಿ ಮಾರಾಟವಾಗುತ್ತದೆ? ಮೈದಾನದಲ್ಲಿ ಹೆಮ್ಮೆಯಾದದ್ದು ಮನೆಯಲ್ಲಿ ಅಪರಾಧವಾಗುವುದು ಯಾವ ಕಾನೂನಿನಲ್ಲಿ? ತಮಗೇನೂ ಗೊತ್ತಿಲ್ಲದಿದ್ದರೆ, ಗೊತ್ತುಮಾಡಿಕೊಳ್ಳಲು ಒಂದು ವರ್ಷ ಸಾಲಲಿಲ್ಲವೇ?

ನನ್ನ ಬೇಡಿಕೆ ಸಣ್ಣದು. ಲಾರಿ ಕಳುಹಿಸಿದವರು ಯಾರೆಂದು ಸಂತೆಯ ದಿನ ಎಲ್ಲರೆದುರು ಹೇಳಿ. ಮನೆಯ ರಾಗಿ ಬಿಯರು ಅಪರಾಧವಲ್ಲವೆಂದು ಅಂದೇ ಘೋಷಿಸಿ. ಇಂಗ್ಲಿಷಿನಲ್ಲಿ ಹೇಳಿದರೂ ಆದೀತು, ಜನಕ್ಕೆ ನಾನೇ ತಿಳಿಯಹೇಳುತ್ತೇನೆ, ಸಂಬಳ ಬೇಡ. ಅದಾಗುವವರೆಗೆ ನಮ್ಮ ಕೇರಿಯ ಒಬ್ಬ ಹೆಂಗಸೂ ಮೈದಾನಕ್ಕೆ ಬರುವುದಿಲ್ಲ. ದಯವಿಟ್ಟು ನಮ್ಮನ್ನು ಗೌರವಿಸಬೇಡಿ.

ಇಂತಿ,
ತಮ್ಮ ಆದರಕ್ಕೆ ಹೆದರಿ ಬಾಗಿಲು ಹಾಕಿಕೊಂಡಿರುವ,
ಎಮೊರುಟ್
ನಿವೃತ್ತ ದುಭಾಷಿ, ಅಸೆಕೆನ್ಯೆಯ ತಾತ