ಡಬ್ಬಿಯ ಮೇಲೆ ಇಲ್ಲದ ತಾರೀಖು

ಪಿರಿಯಾಪಟ್ಟಣ
ಭಾನುವಾರ, 24 ಆಗಸ್ಟ್ 2025

ಪ್ರಿಯ ನಂಜುಂಡಸ್ವಾಮಿ,

ನಿನ್ನ ಗೆಳೆಯ ನೀಲಕಂಠಸ್ವಾಮಿಯ ನಮಸ್ಕಾರ. ನಿನ್ನ ಎರಡು ಕಾಗದಗಳೂ ಕೈಸೇರಿವೆ. ಜುಲೈ 19ರದ್ದು 22ಕ್ಕೆ ಬಂತು, ಆಗಸ್ಟ್ 6ರದ್ದು 9ಕ್ಕೆ. ಎರಡಕ್ಕೂ ಉತ್ತರ ಬರೆಯಲಿಲ್ಲ, ಕ್ಷಮಿಸು. ಕೆಲಸ ಹೆಚ್ಚಿತ್ತು ಎನ್ನಬಹುದು, ಆದರೆ ಮೂವತ್ತೇಳು ವರ್ಷದಿಂದ ಪೇಪರ್ ಏಜೆಂಟನಾದವನ ಕೆಲಸ ಬೆಳಿಗ್ಗೆ ಎಂಟೂವರೆಗೆ ಮುಗಿಯುತ್ತದೆ ಎಂದು ನಿನಗೆ ಗೊತ್ತು. ನಿನ್ನ ಕಿವಿ ಮೊದಲಿನಂತೆ ಇದ್ದಿದ್ದರೆ ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸುತ್ತಿದ್ದೆ. ಕಾಗದ ಎಂದರೆ ಕುಳಿತು ಬರೆಯಬೇಕು. ಕುಳಿತುಕೊಳ್ಳಲು ಆಗಲಿಲ್ಲ.

ಊರಿನಲ್ಲಿ ಮಳೆ ಚೆನ್ನಾಗಿದೆ. ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳೆಲ್ಲ ಹೊತ್ತಿಕೊಂಡಿವೆ, ಬೆಳಿಗ್ಗೆ ಪೇಪರ್ ಹಾಕುವಾಗ ಬೀದಿಯೆಲ್ಲ ಆ ವಾಸನೆ. ಚುಂಚನಕಟ್ಟೆಯಲ್ಲಿ ನೀರು ಧುಮುಕುವ ಚಿತ್ರ ಒಳಪುಟದಲ್ಲಿ ಬಂದಿತ್ತು. ನೀನು ಕೆ.ಆರ್. ನಗರದಿಂದ ಹೋಗಿ ನೋಡಿಬಂದೆಯಾ?

ನಮ್ಮ ಮನೆಯವಳು ಲಕ್ಷ್ಮಿದೇವಿ ಹಾಗೇ ಇದ್ದಾಳೆ. ಸೊಂಟದ ಮೂಳೆಗೆ ಹಾಕಿದ ರಾಡು ಸರಿಯಾಗಿ ಕೂತಿದೆಯಂತೆ. ಆದರೆ ಸಕ್ಕರೆ ಕಾಯಿಲೆಯಿಂದ ಗಾಯ ಮಾಯುತ್ತಿಲ್ಲ. ಕಳೆದ ತಿಂಗಳು ಡಾಕ್ಟರು ನನ್ನನ್ನು ಹೊರಗೆ ಕರೆದು, ‘ನಡೆಸ್ತೀವಿ ಅಂತ ಹೇಳಕ್ಕಾಗಲ್ಲ ಸ್ವಾಮಿ. ಹಾಸಿಗೆ ಹುಣ್ಣಾಗದ ಹಾಗೆ ನೋಡ್ಕೊಳ್ಳಿ’ ಅಂದರು. ನಾನು ಒಳಗೆ ಬಂದಾಗ ಅವಳು, ‘ಕೇಳಿಸ್ತು ಬುಡಿ’ ಅಂದಳು. ಕಣ್ಣು ಹೋದ ಮೇಲೆ ಅವಳ ಕಿವಿ ಎಂಥದ್ದೆಂದು ನಿನಗೆ ಗೊತ್ತಿದೆ.

ಗ್ರಾಹಕರ ಆಯೋಗಕ್ಕೆ ಕೊಡುವ ಪ್ರಮಾಣಪತ್ರಕ್ಕಾಗಿ ನಡೆದದ್ದನ್ನೆಲ್ಲ ತಾರೀಖು, ಗಂಟೆ ಸಮೇತ ಬರೆದು ಕಳಿಸು ಎಂದು ಕೇಳಿದ್ದೀಯ. ಕೋರ್ಟಿನಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದವನು ನೀನು, ದೂರು ಬರೆದುಕೊಟ್ಟವನೂ ನೀನೇ. ಆದ್ದರಿಂದ ಕ್ರಮವಾಗಿ ಬರೆಯುತ್ತೇನೆ.

ಲಕ್ಷ್ಮಿದೇವಿಯ ಎರಡನೇ ಕಣ್ಣೂ ಪೂರ್ತಿ ಹೋದದ್ದು 2019ರ ಆಗಸ್ಟ್‌ನಲ್ಲಿ. ಆ ನವೆಂಬರ್‌ನಲ್ಲಿ ಅವಳ ತಂಗಿಯ ಮಗಳು ಮೀನಾ, ಎಚ್.ಡಿ. ಕೋಟೆಯಲ್ಲಿ ಟೀಚರ್ ಆಗಿರುವವಳು, ಮೈಸೂರಿನಿಂದ ಆ ಮಾತಾಡುವ ಸ್ಪೀಕರ್ ತಂದಳು. ತೆಂಗಿನ ಚಿಪ್ಪನ್ನು ಮಗುಚಿಟ್ಟಷ್ಟು ದಪ್ಪ. ಕಂಪನಿಯವರು ಅದಕ್ಕೆ ಇಟ್ಟ ಹೆಸರು ತಾರಾ. ಹೆಸರು ಕರೆದರೆ ಎಚ್ಚರವಾಗುತ್ತದೆ, ಕನ್ನಡ ತಿಳಿಯುತ್ತದೆ. ‘ಕಂಪನಿಯವರು ಏನಾದರೂ ತಿಳಿಸಬೇಕಾದರೆ ಬೇಕಾಗುತ್ತೆ’ ಎಂದು ಮೀನಾ ನನ್ನ ಫೋನಿನಲ್ಲೇ ಒಂದು ಇ-ಮೇಲ್ ವಿಳಾಸ ಮಾಡಿಕೊಟ್ಟಳು.

ಒಂದು ವಾರದಲ್ಲಿ ಅದು ತಾರವ್ವ ಆಯಿತು. ‘ತಾರವ್ವ, ಗಂಟೆ ಎಷ್ಟವ್ವ?’ ‘ತಾರವ್ವ, ಇನ್ಸುಲಿನ್ ಹೊತ್ತಾಯ್ತಾ?’ ಪಕ್ಕದ ಮನೆಯ ಚಿಕ್ಕಸಿದ್ದಮ್ಮ ಕಾಂಪೌಂಡಿನ ಆಚೆಯಿಂದಲೇ ರೇಗಿಸುವಳು, ‘ಏನ್ ಲಕ್ಷ್ಮಕ್ಕ, ನಿನ್ ಸೊಸೆ ತಾರವ್ವ ಇವತ್ತಾದ್ರೂ ಹಿಟ್ಟು ತಿರುವುದ್ಲಾ?’ ಇವಳು ಬಿಡುವಳೇ, ‘ನಿನ್ ಸೊಸೇಗಿಂತ ವಾಸಿ ಕಣಮ್ಮಿ, ಕರುದ್ರೆ ಓ ಅಂತಾಳೆ’ ಅನ್ನುವಳು. ಮಕ್ಕಳಿಲ್ಲದ ನಮ್ಮ ಮನೆಯಲ್ಲಿ ಆ ನಗು ಐದು ವರ್ಷ ಇತ್ತು.

ಮುಖ್ಯವಾದ ಉಪಯೋಗ ಒಂದಿತ್ತು. ‘ತಾರವ್ವ, ಇವ್ರಿಗೆ ಫೋನ್ ಮಾಡು’ ಅಂದರೆ ನನ್ನ ಫೋನ್ ಹೊಡೆದುಕೊಳ್ಳುತ್ತಿತ್ತು. ಆ ಧೈರ್ಯದಲ್ಲೇ ನಾನು ಬೆಳಗಿನ ಜಾವ ನಾಲ್ಕೂವರೆಗೆ ಪೇಪರ್ ಬಂಡಲ್ ತರಲು ಬಸ್‌ಸ್ಟ್ಯಾಂಡಿಗೆ ಹೋಗುತ್ತಿದ್ದೆ. ಅವಳ ಬಟನ್ ಫೋನನ್ನು ಬೇರೆಯವರಿಗೆ ಕೊಟ್ಟುಬಿಟ್ಟೆವು. ನಾನು ಬಂದು ಪೇಪರ್ ಓದಿ ಹೇಳುವ ಪದ್ಧತಿಯೂ ನಿಂತಿತು. ಮೊದಲು, ನಿನಗೆ ನೆನಪಿರಬಹುದು, ಏಜೆಂಟರ ಅಭ್ಯಾಸದಂತೆ ನಾನು ಪೇಪರನ್ನು ಬೆನ್ನು ಹಿಡಿದು ಜಾಡಿಸುತ್ತಿದ್ದೆ, ಒಳಗೆ ಸೇರಿಸಿದ ಜಾಹೀರಾತಿನ ಪಾಂಪ್ಲೆಟ್‌ಗಳೆಲ್ಲ ಉದುರಲಿ ಎಂದು. ಆ ಸದ್ದು ಕೇಳಿದರೆ ಅವಳು ಗೋಡೆಗೆ ಒರಗಿ ಕೂರುವಳು. ತಾರಾ ಬಂದ ಮೇಲೆ ಸುದ್ದಿಯನ್ನೂ ಅದೇ ಹೇಳಿತು.

ಇನ್ನು ಏಪ್ರಿಲ್ 24, ಗುರುವಾರ. ಪೇಪರ್ ವ್ಯಾನು ಕಂಪಲಾಪುರದ ಹತ್ತಿರ ಕೆಟ್ಟು ನಿಂತಿತು. ನಾನು ಆಟೋ ಮಾಡಿಕೊಂಡು ಹೋಗಿ ಬಂಡಲ್ ತಂದು, ಹಂಚಲು ಶುರು ಮಾಡುವಾಗ ಏಳೂವರೆ. ಮೂರು ಸಲ ಫೋನ್ ತೆಗೆದು ನೋಡಿದೆ. ಮನೆಯಿಂದ ಕರೆ ಇರಲಿಲ್ಲ. ಕರೆ ಇಲ್ಲ ಎಂದರೆ ಎಲ್ಲ ಸರಿ ಇದೆ ಎಂದೇ ಐದು ವರ್ಷದ ಲೆಕ್ಕ. ಆ ತಿಂಗಳಲ್ಲಿ ಅದುವರೆಗೆ ನನಗೆ ಫೋನ್ ಮಾಡಿಸುವ ಅಗತ್ಯವೂ ಅವಳಿಗೆ ಬಿದ್ದಿರಲಿಲ್ಲ.

ಅವಳು ಅಡುಗೆಮನೆಯಿಂದ ಬಚ್ಚಲಿಗೆ ಹೋಗುವಾಗ ಬಿದ್ದದ್ದು ಆರು ಇಪ್ಪತ್ತಕ್ಕೆ. ಗಂಟೆ ಹೇಗೆ ಗೊತ್ತೆಂದರೆ, ಬಿದ್ದ ತಕ್ಷಣ ಅವಳು ತಾರಾಳನ್ನು ಕರೆದಿದ್ದಾಳೆ. ‘ಕ್ಷಮಿಸಿ, ಈ ಸೌಲಭ್ಯ ಈಗ ನಿಮ್ಮ ಸಾಧನದಲ್ಲಿ ಲಭ್ಯವಿಲ್ಲ’ ಎಂದಿತಂತೆ. ನೆಟ್‌ವರ್ಕ್ ಹೋಗಿರಬೇಕು ಎಂದುಕೊಂಡು ಗಂಟೆ ಕೇಳಿದ್ದಾಳೆ. ಗಂಟೆ ಹೇಳಿದೆ. ಆರು ಇಪ್ಪತ್ತು. ಮತ್ತೆ ಫೋನ್ ಮಾಡು ಎಂದಿದ್ದಾಳೆ, ಕ್ಷಮಿಸಿ ಎಂದಿದೆ. ಮತ್ತೆ ಗಂಟೆ. ಹೀಗೆ ಏಳು ಹತ್ತು, ಏಳು ಐವತ್ತು, ಎಂಟೂ ನಲವತ್ತು, ಒಂಬತ್ತೂವರೆ. ನಾನು ಬಾಗಿಲು ತೆಗೆದಾಗ ಹತ್ತು ನಲವತ್ತು. ನಾಲ್ಕು ಗಂಟೆ ಇಪ್ಪತ್ತು ನಿಮಿಷ ಅವಳು ಸಿಮೆಂಟಿನ ನೆಲದ ಮೇಲೆ ಬಿದ್ದಿದ್ದಳು. ತುಟಿ ಒಣಗಿ ಹೋಗಿತ್ತು. ನನ್ನ ಹೆಜ್ಜೆ ಕೇಳಿ ಅವಳು ಮೊದಲು ಆಡಿದ ಮಾತು, ‘ತಾರವ್ವಂಗೆ ಏನೋ ಆಗದೆ ನೋಡಿ’.

ಚಿಕ್ಕಸಿದ್ದಮ್ಮ ಆ ಹೊತ್ತಿಗೆ ಕಾಂಪೌಂಡಿನ ಆಚೆಯೇ ಪಾತ್ರೆ ತೊಳೆಯುತ್ತಿದ್ದಳು. ಆಮೇಲೆ ಎದೆ ಬಡಿದುಕೊಂಡು ಹೇಳಿದಳು: ‘ಕೇಳುಸ್ತು ಕಣಪ್ಪ. ತಾರವ್ವ ತಾರವ್ವ, ಫೋನ್ ಮಾಡವ್ವ ಅಂತ ಕೂಗ್ತಾ ಇದ್ಲು. ದಿನಾ ತಾರವ್ವನ್ನ ಕೂಗಾಳಲ್ವಾ, ಇವತ್ತೂ ಅಂಗೇಯ ಅಂದ್ಕಂಡೆ. ಏಳೂವರೆಗೆ ಸಸಿ ಮಡಿಗೆ ನೀರಾಕಕೆ ಹೊಂಟೋದೆ. ನನ್ ಹೆಸ್ರು ಕೂಗಿದ್ರೆ ಬತ್ತಿರ್ನಿಲ್ವಾ?’ ಅವಳ ಹೆಸರನ್ನೂ ಕೂಗಿದ್ದಾಳೆ ನಂಜುಂಡ, ಎಂಟು ಗಂಟೆಯ ಮೇಲೆ. ಆಗ ಬೀದಿಯಲ್ಲಿ ಯಾರೂ ಇರಲಿಲ್ಲ.

ಆ ಸ್ಪೀಕರನ್ನು ಹುಣಸೂರು ರಸ್ತೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಕಿರಣ್‌ಕುಮಾರ್ ಹತ್ತಿರ ತೆಗೆದುಕೊಂಡು ಹೋದೆ. ಬಿಚ್ಚಿ ನೋಡಿ ಅವನೆಂದ, ‘ಅಂಕಲ್, ಇದಕ್ಕೇನೂ ಆಗಿಲ್ಲ. ಮೈಕ್ ಓಕೆ, ಸ್ಪೀಕರ್ ಓಕೆ. ಇನ್ನೂ ಹತ್ತು ವರ್ಷ ಬರುತ್ತೆ. ಕಂಪನಿಯವ್ರೇ ಮೇಲಿಂದ ಬಂದ್ ಮಾಡವ್ರೆ. ಏಪ್ರಿಲ್ ಒಂದಕ್ಕೆ ಫೋನು ಬಂದ್, ಮೂವತ್ತಕ್ಕೆ ಪೂರಾ ಬಂದ್.’

‘ಹಾಗಾದರೆ ಇದು ಎಷ್ಟು ವರ್ಷ ನಡೆಯಬೇಕಿತ್ತಪ್ಪ?’

‘ಅದು ಅವ್ರಿಷ್ಟ ಕಣಂಕಲ್. ನೀವು ಕೊಂಡ್ಕೊಂಡಿರೋದು ಬರೀ ಡಬ್ಬಿ.’

ಅವನು ಹೇಳಿದ ಹಾಗೇ ಆಯಿತು. ಏಪ್ರಿಲ್ 30ರ ನಂತರ ಅದು ಗಂಟೆಯನ್ನೂ ಹೇಳುತ್ತಿಲ್ಲ.

ನಾನು ಮನೆಗೆ ಬಂದು ಅಟ್ಟದಿಂದ ಅದರ ಡಬ್ಬಿ ಇಳಿಸಿದೆ. ಆರು ಬದಿಯನ್ನೂ ಓದಿದೆ. ತಯಾರಿಸಿದ ತಿಂಗಳು ಇದೆ. ಬೆಲೆ ಇದೆ. ಎಷ್ಟು ವೋಲ್ಟ್ ಎಂದಿದೆ. ಯಾವ ತಾರೀಖಿನವರೆಗೆ ನಡೆಯುತ್ತದೆ ಎಂಬುದು ಇಲ್ಲ. ಅವಳ ಇನ್ಸುಲಿನ್ ಸೀಸೆಯ ಮೇಲೆ ಇದೆ, ಬಿಸ್ಕತ್ತಿನ ಪೊಟ್ಟಣದ ಮೇಲೂ ಇದೆ. ನಮ್ಮ ಮದುವೆಗೆ ನಿನ್ನ ಅಣ್ಣ ಕೊಟ್ಟ ರೇಡಿಯೊ 1987ರದ್ದು, ಮುಳ್ಳು ತಿರುಗಿಸಿದರೆ ಇವತ್ತಿಗೂ ಮೈಸೂರು ಬರುತ್ತದೆ. ತಾರಾ ನಮ್ಮ ಮನೆಯಲ್ಲಿ ದುಡಿದದ್ದು ಐದು ವರ್ಷ ಐದು ತಿಂಗಳು. ಕಂಪನಿಯವರು ಆಯೋಗಕ್ಕೆ ಕೊಟ್ಟ ಉತ್ತರದಲ್ಲಿ ಏಳು ವರ್ಷ ಎನ್ನುತ್ತಾರೆ. ಅವರು ಎಣಿಸುವುದು ಆ ಮಾದರಿಯನ್ನು ಮೊದಲು ಮಾರುಕಟ್ಟೆಗೆ ಬಿಟ್ಟ ದಿನದಿಂದ, ನಾವು ಕೊಂಡ ದಿನದಿಂದ ಅಲ್ಲ.

ದೂರಿನಲ್ಲಿ ನೀನು ಬರೆದ ಮಾತು ಸರಿಯಾಗಿಯೇ ಇದೆ. ಎಷ್ಟು ವರ್ಷ ನಡೆಸುತ್ತೇವೆ ಎಂಬುದನ್ನು ಬೆಲೆಯಷ್ಟೇ ದೊಡ್ಡ ಅಕ್ಷರದಲ್ಲಿ ಡಬ್ಬಿಯ ಮೇಲೆ ಮುದ್ರಿಸಬೇಕು. ಲೆಕ್ಕ ಕೊನೆಯ ಡಬ್ಬಿ ಮಾರಿದ ದಿನದಿಂದ ಹಿಡಿಯಬೇಕು. ನಿಲ್ಲಿಸುವ ದಿನ ಬಂದರೆ, ದಿನಾ ಮಾತಾಡುವ ಆ ಯಂತ್ರವೇ ತಿಂಗಳ ಮುಂಚಿನಿಂದ ಅದನ್ನು ಬಾಯಿಬಿಟ್ಟು ಹೇಳಬೇಕು. ಕುರುಡರ ಮನೆಯಲ್ಲಿ ಬೇರೆ ಹೇಗೆ ಹೇಳುತ್ತಾರೆ? ಗಾವಡಗೆರೆ ಕಡೆಯ ಲೈನು ಬಿಡುವಾಗ ನಾನು ನಲವತ್ತೊಂದು ಮನೆಗೂ ಸೈಕಲ್ಲಿನಲ್ಲಿ ಹೋಗಿ, ಮುಂದಿನ ತಿಂಗಳಿಂದ ಪೇಪರ್ ಹಾಕುವುದಿಲ್ಲ ಎಂದು ಬಾಗಿಲಲ್ಲಿ ನಿಂತು ಹೇಳಿ ಬಂದಿದ್ದೆ. ಪೇಪರ್ ಬರದಿದ್ದರೆ ಯಾರೂ ಬಿದ್ದು ಸೊಂಟ ಮುರಿದುಕೊಳ್ಳುವುದಿಲ್ಲ. ಆದರೂ ಹೇಳಿದ್ದೆ.

ಇದರಿಂದ ಏನಾದರೂ ಆಗುತ್ತದೆ ಎಂಬ ನಂಬಿಕೆ ನನಗಿಲ್ಲ. ಓದುಗರ ಪತ್ರ ವಿಭಾಗಕ್ಕೆ ಬರೆದದ್ದು ಎಂಟು ಸಾಲಿಗೆ ಇಳಿದು ಅಚ್ಚಾಯಿತು. ಆ ದಿನದ ಪೇಪರನ್ನು ನಾನೇ ಮನೆಮನೆಗೆ ಹಾಕಿದೆ. ಒಬ್ಬರೂ ಅದರ ಮಾತೆತ್ತಲಿಲ್ಲ. ಮೀನಾ ಹೊಸ ಮಾದರಿ ತರುತ್ತೇನೆಂದಳು. ಲಕ್ಷ್ಮಿದೇವಿ ಬೇಡವೆಂದಳು. ‘ಅದ್ಕೂ ಹೆಸ್ರಿಕ್ಕಿ ಕರೀಬೇಕಾ? ಬ್ಯಾಡ ಕಣವ್ವ.’ ಬಟನ್ ಫೋನ್ ತಂದು ದಿಂಬಿನ ಪಕ್ಕ ಇಟ್ಟಿದ್ದೇನೆ. ಒಂದು ದಿನವೂ ಒತ್ತಿಲ್ಲ. ನೀರು ಬೇಕಾದರೂ ಕರೆಯುವುದಿಲ್ಲ, ಮೈ ಮಗ್ಗುಲಾಗಬೇಕಾದರೂ ಕರೆಯುವುದಿಲ್ಲ. ನಾನೇ ಗಂಟೆಗೊಂದು ಸಲ ಹೋಗಿ ಕೇಳಬೇಕು. ಮೊನ್ನೆ ಚಿಕ್ಕಸಿದ್ದಮ್ಮ ಬಂದು, ‘ಕೂಗು ಲಕ್ಷ್ಮಕ್ಕ, ಏನ್ ಬೇಕಾದ್ರೂ ಕೂಗು, ಓಡ್ ಬತ್ತೀನಿ’ ಎಂದು ಕೈ ಹಿಡಿದುಕೊಂಡಳು. ಇವಳು ನಕ್ಕಳು.

ನಿನ್ನ ಮೊಮ್ಮಗಳು ಸೌಂದರ್ಯ ಪಿಯುಸಿಯಲ್ಲಿ ಕಾಲೇಜಿಗೇ ಮೊದಲು ಬಂದಳೆಂದು ಬರೆದಿದ್ದೀಯ. ಕೇಳಿ ಸಂತೋಷವಾಯಿತು. ಅವಳ ಕಣ್ಣು, ಕೈಕಾಲು ಯಾವಾಗಲೂ ಗಟ್ಟಿಯಾಗಿರಲಿ, ಅವಳು ಕರೆದಾಗ ಓಗೊಡುವ ಜನ ಅವಳ ಸುತ್ತ ಸದಾ ಇರಲಿ ಎಂದು ಹಾರೈಸುತ್ತೇನೆ. ನಿನ್ನ ಮನೆಯವರಿಗೆ ನಮ್ಮಿಬ್ಬರ ನಮಸ್ಕಾರ ತಿಳಿಸು. ಕಿವಿಗೆ ಹಾಕಿಕೊಳ್ಳುವ ಆ ಯಂತ್ರವನ್ನು ಕೊಳ್ಳುವ ಮುಂಚೆ, ಎಷ್ಟು ವರ್ಷ ಎಂದು ಕೇಳು.

ನಿನ್ನ
ನೀಲಕಂಠಸ್ವಾಮಿ

ಮರೆತದ್ದು: ಮರೆತದ್ದೇನೂ ಅಲ್ಲ. ಇದನ್ನು ಬರೆಯಲಾರದೇ ಎರಡು ತಿಂಗಳು ಕಳೆದೆ. ಸೆಪ್ಟೆಂಬರ್ 11ರ ವಿಚಾರಣೆಗೆ ನೀನು ಬರಬೇಡ. ‘ಯಾವ ಮುನ್ಸೂಚನೆಯನ್ನೂ ಕೊಟ್ಟಿರಲಿಲ್ಲ’ ಎಂದು ನೀನು ಸಾಕ್ಷಿಯಾಗಿ ಸಹಿ ಮಾಡಿಟ್ಟಿರುವ ಹೇಳಿಕೆಯನ್ನು ಹರಿದುಹಾಕು. ಕಂಪನಿಯವರ ಉತ್ತರದ ಮೂರನೇ ಹಾಳೆಯಲ್ಲಿ ಅವರು ಕಳಿಸಿದ ಇ-ಮೇಲ್‌ನ ಪ್ರತಿ ಇದೆ. ಜನವರಿ 14, ಸಂಕ್ರಾಂತಿಯ ದಿನ. ಅದನ್ನು ಬೆಳಿಗ್ಗೆ 9.12ಕ್ಕೆ ತೆರೆಯಲಾಗಿದೆ ಎಂದೂ ಇದೆ. ತೆರೆದವನು ನಾನೇ. ಇಂಗ್ಲಿಷಿನಲ್ಲಿತ್ತು. ಮೇಲೆ ಹೊಸ ಮಾದರಿಯ ಬಣ್ಣದ ಚಿತ್ರ, ಶೇಕಡ ಇಪ್ಪತ್ತು ರಿಯಾಯಿತಿ. ಎರಡೂ ತಾರೀಖುಗಳು ಕೆಳಗೆ ಸಣ್ಣ ಅಕ್ಷರದಲ್ಲಿದ್ದವು. ಅಷ್ಟು ಇಂಗ್ಲಿಷ್ ನನಗೆ ಬರುತ್ತದೆ, ಓದಿದ್ದರೆ ತಿಳಿಯುತ್ತಿತ್ತು. ಪಾಂಪ್ಲೆಟ್ ಎಂದುಕೊಂಡು ಜಾಡಿಸಿಬಿಟ್ಟೆ.

ಕಂಪನಿಯ ಆ ಉತ್ತರ ಬಂದ ದಿನ ಲಕ್ಷ್ಮಿದೇವಿ, ‘ಓದಿ, ಏನ್ ಬರ್ದವ್ರೆ ಕೇಳಾಣ’ ಅಂದಳು. ಐದೂವರೆ ವರ್ಷದ ಮೇಲೆ ಮೊದಲ ಸಲ ಓದಲು ಕೇಳಿದ್ದಳು. ಹಾಸಿಗೆಯ ಪಕ್ಕ ಕುಳಿತು ಓದಿದೆ. ಮುಗಿದ ಮೇಲೆ ಅವಳು, ‘ನಡುವೆ ಎರಡು ಹಾಳೆ ಒಟ್ಟಿಗೆ ಮಗುಚಿದ್ರಾ?’ ಎಂದು ಕೇಳಿದಳು.

‘ಇಲ್ಲ’ ಎಂದೆ.

ಅವಳು ಕರೆಯುವುದನ್ನು ಬಿಟ್ಟದ್ದು ಆ ದಿನದಿಂದ.