ಥರ್ಮೋಕೋಲ್ ತಲೆಯ ಮುಖ

ಅಕ್ಟೋಬರ್ ೩೧, ಶುಕ್ರವಾರ. ಬಿನ್ ಒಮ್ರಾನ್, ಗಲ್ಫ್‌ನ ನಮ್ಮ ಫ್ಲ್ಯಾಟ್.

ಅತ್ತೆಯ ಕೈ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಮಗಳು ಪರ್ಲ್‌ಳ ಹ್ಯಾಲೋವೀನ್‌ಗೆಂದು ನನ್ನ ಗಂಡ ಲಾಯ್ಡ್ ಮಾತಾಡುವ ತಲೆಯೊಂದನ್ನು ಮಾಡಿದ. ಗಡ್ಡ ಮೀಸೆ ಬೋಳಿಸಿ, "ಹತ್ತಿರ ಬಾ, ನನ್ನ ಹೆಸರು ಹೇಳು" ಎನ್ನುವ ತನ್ನದೇ ಮುಖವನ್ನು ಫೋನಿನಲ್ಲಿ ವಿಡಿಯೋ ಮಾಡಿಕೊಂಡ. ಸಂಜೆ ಹಾಲ್‌ನ ದೀಪ ಆರಿಸಿ, ವಿಗ್ ಇಡುವ ಬಿಳಿ ಥರ್ಮೋಕೋಲ್ ತಲೆಯ ಮೇಲೆ ಅದನ್ನು ಪ್ರೊಜೆಕ್ಟರಿನಿಂದ ಬಿಟ್ಟ. ಬೋಳು ತಲೆ ಕಣ್ಣು ಪಿಳುಕಿಸಿತು. ಪರ್ಲ್ ನಕ್ಕಳು. ನನಗೆ ನಗು ಬರಲಿಲ್ಲ. ಅದು ಲಾಯ್ಡ್‌ನ ಮುಖದಂತಿರಲಿಲ್ಲ.

ಜಪಸರ ಮುಗಿಸಿ ಬಂದ ಅತ್ತೆ ಬಾಗಿಲಲ್ಲೇ ನಿಂತರು.

"ಹಿಲರಿ, ಯಾವಾಗ ಬಂದದ್ದು ಮಗಾ?"

ಹಿಲರಿ ಲಾಯ್ಡ್‌ನ ಅಣ್ಣ. ನನ್ನ ಮದುವೆಗೆ ಮೊದಲೇ ಮಲ್ಪೆಯಿಂದ ಗೆಳೆಯರ ಜೊತೆ ಬೋಟಿನಲ್ಲಿ ಕಡಲಿಗೆ ಹೋದವನು ಸಿಗಲೇ ಇಲ್ಲ. ಅವನ ಆತ್ಮಕ್ಕೆಂದು ಇಗರ್ಜಿಯಲ್ಲಿ ಒಂದು ಪೂಜೆ ಹೇಳಿಸಲೂ ಅತ್ತೆ ಈವರೆಗೆ ಒಪ್ಪಿರಲಿಲ್ಲ.

"ಹತ್ತಿರ ಬಾ," ಎಂದಿತು ತಲೆ.

ಅತ್ತೆ ಹೋದರು. ಕೆನ್ನೆ ಮುಟ್ಟಲು ಕೈ ಚಾಚಿದಾಗ ಬೆಳಕು ಅವರ ಕೈಮೇಲೆ ಬಿತ್ತು. ಆ ಸುಕ್ಕು ಚರ್ಮದ ಮೇಲೆ ತುಟಿಗಳು ಮಾತಾಡುತ್ತಲೇ ಇದ್ದವು.

"ಅಮ್ಮ, ಅದು ನಾನು. ಬಂದ್ ಮಾಡ್ತೇನೆ," ಎಂದ ಲಾಯ್ಡ್.

"ಬೇಡ ಮಾರಾಯ. ಅವ ಹೇಳಿ ಮುಗಿಸ್ಲಿ."

ಮುಗಿಯಿತು. ತಲೆ ಮತ್ತೆ ಬರೀ ಬಿಳಿಯಾಯಿತು. ಅತ್ತೆ ಒದ್ದೆಯಾಗಿದೆಯೇನೋ ಎಂಬಂತೆ ಕೈಯನ್ನು ಸೆರಗಿಗೆ ಒರೆಸಿಕೊಂಡರು.

"ತುಂಬಾ ತಣ್ಣಗಾಗಿದ್ದಾನೆ. ನಾಡಿದ್ದು ಸತ್ತವರ ಪೂಜೆಗೆ ಅವನ ಹೆಸರೂ ಕೊಡು."

ಅವರು ಅಳಲಿಲ್ಲ. ಹೋಗಿ ಮಲಗಿಬಿಟ್ಟರು.

ಲಾಯ್ಡ್ ನನ್ನ ಪಕ್ಕದಲ್ಲೇ ನಿದ್ದೆ ಹೋಗಿದ್ದಾನೆ. ನಾನಿನ್ನೂ ಆ ಮುಖದ ಕಡೆ ತಿರುಗಿಲ್ಲ.